ನಡುವೆ ಎದ್ದವರ ಪೇಪರ್

ನನ್ನ ಅಣ್ಣನ ಮಗಳು ಹುಬ್ಬಳ್ಳಿಯಲ್ಲಿ ಒಂದು ಕೋಚಿಂಗ್ ಕ್ಲಾಸಿಗೆ ಬಯಾಲಜಿ ಕಲಿಸಲು ಸೇರಿದ್ದಾಳೆ. ಹೋದ ವಾರ ಫೋನ್ ಮಾಡಿ, "ಅತ್ತೀ, ನೀ ಅಷ್ಟ್ ವರ್ಷ ಗುಜರಾತ್‌ನಾಗ ಇದ ಕೆಲಸ ಮಾಡೀದಿ. ಮೊದಲ ದಿನ ಹುಡುಗ್ರಿಗೆ ಏನ್ ಹೇಳ್ಲಿ?" ಎಂದು ಕೇಳಿದಳು.

"ಎದ್ದು ಹೊರಗ ಹೋಗಬೇಕಂದ್ರ ಯಾರನ್ನೂ ಕೇಳೂದು ಬ್ಯಾಡ ಅಂತ ಹೇಳು" ಎಂದೆ.

ಆಕೆ ನಕ್ಕಳು. ಅತ್ತೆ ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡಿರಬೇಕು. ಫೋನಿನಲ್ಲಿ ಬಿಡಿಸಿ ಹೇಳುವ ಮಾತಲ್ಲ ಅದು. ಅದಕ್ಕೇ ಬರೆಯಲು ಕುಳಿತಿದ್ದೇನೆ. ಆಕೆಗೂ, ಆಕೆಯಂತೆ ಈ ಕೆಲಸಕ್ಕೆ ಈಗಷ್ಟೇ ಕಾಲಿಟ್ಟವರಿಗೂ.

ನಾನು ಇಪ್ಪತ್ತಾರು ವರ್ಷ ಕಲಿಸಿದೆ, ಖುಷಿಯಿಂದ ಕಲಿಸಿದೆ. ನನ್ನ ಕೈಯಲ್ಲಿ ಓದಿದವರು ಡಾಕ್ಟರುಗಳಾಗಿ, ದಂತವೈದ್ಯರಾಗಿ ಎಷ್ಟೋ ಊರುಗಳಲ್ಲಿದ್ದಾರೆ. ಆದರೆ ಆ ಇಪ್ಪತ್ತಾರು ವರ್ಷಗಳ ಒಳಗೆ ಒಂದು ನಿಮಿಷವಿದೆ. ನನ್ನ ಕಣ್ಣೆದುರು, ನನ್ನ ಕೈಯಳತೆಯಲ್ಲಿ, ಒಬ್ಬ ಹುಡುಗಿಯ ಉಸಿರು ನಿಂತಿದ್ದ ನಿಮಿಷ. ಅದನ್ನು ನಾನು ಈಗಲೂ ದಿನಕ್ಕೊಮ್ಮೆಯಾದರೂ ಮೊದಲಿನಿಂದ ಕೊನೆಯವರೆಗೆ ನೋಡುತ್ತೇನೆ. ಅಲ್ಲಿಗೆ ಬರುವ ಮೊದಲು ಕೆಲಸ ಹೇಗಿತ್ತೆಂದು ಹೇಳಬೇಕು.

ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ವಡೋದರಾಕ್ಕೆ ಹೋದೆ. ನಮ್ಮವರು ಕೇಂದ್ರ ಸರ್ಕಾರದ ಒಂದು ಸಂಶೋಧನಾಲಯದಲ್ಲಿದ್ದರು. ನನ್ನ ಮೊದಲ ಕ್ಲಾಸು ನಡೆದದ್ದು ಫರಸಾಣ್ ಎಂಬ ಕುರುಕಲು ತಿಂಡಿ ಮಾರುವ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ. ಹನ್ನೊಂದು ಮಕ್ಕಳು. ಕೆಳಗೆ ಗಾಂಠಿಯಾ ಕರಿಯುವ ಹೊತ್ತಿಗೆ ಸರಿಯಾಗಿ ನಾನು ಜೀರ್ಣಾಂಗದ ಚಿತ್ರ ಬಿಡಿಸುತ್ತಿದ್ದೆ. ಜೊಲ್ಲುರಸದ ಪಾಠಕ್ಕೆ ಬೇರೆ ಉದಾಹರಣೆ ಬೇಕಿರಲಿಲ್ಲ. ನನಗೆ ಗುಜರಾತಿ ಬಾರದು, ಅವರಿಗೆ ನನ್ನ ಹಿಂದಿ ಅರ್ಥವಾಗದು. ನಾನು ಅವರಿಗೆ ಬಯಾಲಜಿ ಕಲಿಸಿದೆ, ಅವರು ನನಗೆ ಗುಜರಾತಿ ಕಲಿಸಿದರು. ಯಾರು ಹೆಚ್ಚು ಕಲಿತರೋ ಹೇಳಲಾರೆ. ನನ್ನ ಅಡ್ಡಹೆಸರು ಪಾಟೀಲ. ಪಾಲಕರು ಅದನ್ನು ಪಟೇಲ್ ಮಾಡಿಕೊಂಡು, ಯಾವ ಊರಿನ ಪಟೇಲರು ಎಂದು ವಿಚಾರಿಸುತ್ತಿದ್ದರು. ಧಾರವಾಡ ಅಂದರೆ, "ಅದು ಸೌರಾಷ್ಟ್ರದಲ್ಲಿ ಬರುತ್ತಾ?" ಎನ್ನುತ್ತಿದ್ದರು. ಕೊನೆಕೊನೆಗೆ ಹೌದು ಎಂದುಬಿಡುತ್ತಿದ್ದೆ.

ನಮ್ಮವರಿಗೆ ಅಹಮದಾಬಾದಿಗೆ ವರ್ಗವಾಯಿತು. ನವರಂಗಪುರದಲ್ಲಿ ಹಸಮುಖಭಾಯಿ ಎಂಬವರು ಒಂದು ದೊಡ್ಡ ಕ್ಲಾಸು ನಡೆಸುತ್ತಿದ್ದರು. ಸ್ವತಃ ಫಿಸಿಕ್ಸ್ ಮೇಷ್ಟ್ರು. ಸಂದರ್ಶನದಲ್ಲಿ ನನ್ನ ಅಂಕಪಟ್ಟಿಯನ್ನು ತೆರೆದೂ ನೋಡಲಿಲ್ಲ. ಪಠ್ಯಪುಸ್ತಕವನ್ನು ಎಲ್ಲೋ ಒಂದು ಕಡೆ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದರಿಂದ ನಾಲ್ಕು ಪ್ರಶ್ನೆ ಮಾಡಿ, ಬೆನ್" ಎಂದರು. ಅಲ್ಲಿ ಹೆಂಗಸರನ್ನು ಬೆನ್, ಅಂದರೆ ಅಕ್ಕ, ಎಂದೇ ಕರೆಯುವುದು. ಮೂರು ಮಾಡಿದೆ. ನಾಲ್ಕನೆಯದು ಹೊಳೆಯಲಿಲ್ಲ. ಅದನ್ನು ಅವರೇ ಮಾಡಿದರು.

"ಪಾಠ ಯಾರು ಬೇಕಾದರೂ ಮಾಡ್ತಾರೆ, ಬೆನ್. ತಪ್ಪು ಆಯ್ಕೆ ಬರೆಯೋದೇ ಕಷ್ಟ. ತಪ್ಪು ಉತ್ತರ ಸರಿ ಉತ್ತರದ ತಮ್ಮನ ಹಾಗೆ ಕಾಣಬೇಕು. ಅದೇ ಮುಖ, ಅದೇ ಅಂಗಿ. ಮೂಗು ಮಾತ್ರ ಬೇರೆ."

ಈ ವೃತ್ತಿಯ ಗುಟ್ಟು ಅಷ್ಟೇ. ಮುಂದೆ ನಾನು ಸಾವಿರಾರು ತಮ್ಮಂದಿರನ್ನು ಹುಟ್ಟಿಸಿದೆ. ರಾಜ್ಯದ ಪರೀಕ್ಷೆ ಹೋಗಿ ದೇಶಕ್ಕೆಲ್ಲ ಒಂದೇ ಪರೀಕ್ಷೆ ಬಂತು. ಎಂಬಿಬಿಎಸ್‌ಗೂ ದಂತವೈದ್ಯಕೀಯಕ್ಕೂ ಅದೇ ಪ್ರಶ್ನೆಪತ್ರಿಕೆ. ಅರ್ಧದಷ್ಟು ಅಂಕ ಬಯಾಲಜಿಯದು. ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಡಿತ. ನಾನು ಕಪ್ಪೆ ಕೊಯ್ದು ಕಲಿತವಳು; ನನ್ನ ವಿದ್ಯಾರ್ಥಿಗಳು ಕಪ್ಪೆಯನ್ನು ಪಠ್ಯದ ಸಾಲುಗಳಲ್ಲಿ ಮಾತ್ರ ಕಂಡವರು. ಚಿತ್ರ ಬಿಡಿಸುವುದು ನಿಂತಿತು, ಸಾಲು ಹೇಳಿಸುವುದು ಶುರುವಾಯಿತು. ಪುಸ್ತಕದ ಸಾಲನ್ನು ನಾನು ಅರ್ಧ ಹೇಳುವುದು, ಇಡೀ ಕ್ಲಾಸು ಉಳಿದರ್ಧ ಹೇಳುವುದು. "ಆಹಾರ ನುಂಗುವಾಗ ಗ್ಲಾಟಿಸನ್ನು ಮುಚ್ಚುವುದು..." "ಎಪಿಗ್ಲಾಟಿಸ್!" ಶ್ವಾಸನಾಳದ ಬಾಯಿಗಿರುವ ಮುಚ್ಚಳದ ಹೆಸರು, ಅರವತ್ತು ಕಂಠಗಳಲ್ಲಿ. ಕಿಟಕಿಯ ಗಾಜು ಅದುರುತ್ತಿತ್ತು. ನನಗೆ ಅದೊಂದು ಹೆಮ್ಮೆ.

ತಪ್ಪುಗಳನ್ನೂ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಪಠ್ಯಕ್ರಮದಿಂದ ಜೀರ್ಣಕ್ರಿಯೆಯ ಅಧ್ಯಾಯವನ್ನೇ ತೆಗೆದುಹಾಕಿದರು. ಆ ಸುತ್ತೋಲೆಯನ್ನು ನಾನು ನೋಡಿರಲಿಲ್ಲ. ಒಂದು ವಾರ ಪೂರ್ತಿ, ಇಲ್ಲದ ಅಧ್ಯಾಯವನ್ನು ಜೀವ ತುಂಬಿ ಕಲಿಸಿದೆ. ಶನಿವಾರ ಹಸಮುಖಭಾಯಿ ಬಾಗಿಲಲ್ಲಿ ನಿಂತು, "ಬೆನ್, ಸರ್ಕಾರ ಈ ಮಕ್ಕಳ ಹೊಟ್ಟೆ ಕರುಳು ತೆಗೆದು ವರ್ಷವಾಯಿತು, ನೀವಿನ್ನೂ ಊಟ ಬಡಿಸ್ತಿದ್ದೀರಾ?" ಎಂದರು. ಹಲ್ಲಿನ ಪಾಠ ಇದ್ದದ್ದು ಅದೇ ಅಧ್ಯಾಯದಲ್ಲಿ. ದಂತವೈದ್ಯರಾಗಲು ಬರೆಯುವ ಪರೀಕ್ಷೆಯಲ್ಲಿ ಈಗ ಹಲ್ಲೇ ಇಲ್ಲ. ಎಪಿಗ್ಲಾಟಿಸ್ ಮಾತ್ರ ಉಸಿರಾಟದ ಅಧ್ಯಾಯದಲ್ಲಿ ಉಳಿದುಕೊಂಡಿದೆ.

ಹಲ್ಲು ಅಂದರೆ ನನಗೆ ಹೇತಲ್ ನೆನಪಾಗುತ್ತಾಳೆ. ಅಧ್ಯಾಯ ಇನ್ನೂ ಇದ್ದ ಕಾಲದ ಹುಡುಗಿ.

ಆಗ ಪ್ರತಿ ಶನಿವಾರ ಬೆಳಿಗ್ಗೆ ಮಣಿನಗರ ಸ್ಟೇಶನ್ನಿನಲ್ಲಿ ರೈಲು ಹತ್ತಿ ಸೂರತ್ತಿನ ನಮ್ಮ ಶಾಖೆಗೆ ಕಲಿಸಲು ಹೋಗುತ್ತಿದ್ದೆ. ಅಲ್ಲಿಗೆ ಒಮ್ಮೆ ಹೇತಲ್‌ಳ ಅಪ್ಪ ಬಂದರು. ಪಾಂಡೇಸರಾದ ಬಣ್ಣದ ಮಿಲ್ಲಿನಲ್ಲಿ ಕೆಲಸ. ಉಗುರುಗಳ ಸುತ್ತ ನೀಲಿ ಹತ್ತಿತ್ತು. ಮುಂದಿನ ಸಲ ಬಂದಾಗ ಅದೇ ಕೆಂಪಾಗಿತ್ತು. ಮಗಳು ಎರಡು ಸಲ ಪರೀಕ್ಷೆ ಬರೆದು ಸೀಟು ಸಿಗದೆ, ನಡುವಿನ ಒಂದು ವರ್ಷ ಮನೆಯ ಹತ್ತಿರದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದಳು.

"ಬೆನ್, ನನ್ನ ದೀಕರಿ ಹಲ್ಲಿನ ಡಾಕ್ಟರೇ ಆಗ್ತೀನಿ ಅಂತಾಳೆ. ಅದು ಪೂರಾ ಡಾಕ್ಟರು ಹೌದೋ ಅಲ್ಲವೋ?"

"ಪೂರಾ ಡಾಕ್ಟರೇ, ಭಾಯಿ."

"ಹಾಗಾದರೆ ಇನ್ನೊಂದೇ ಸಲ. ಅವಳ ಅಮ್ಮನಿಗೂ ಅಷ್ಟೇ ಹೇಳಿದ್ದೀನಿ. ಈ ಸಲ ಆಗಲಿಲ್ಲ ಅಂದರೆ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರಿಸ್ತೀನಿ. ನಮ್ಮ ಸೇಠರು ಒಪ್ಪಿದ್ದಾರೆ."

ಹೀಗೆ ಹೇತಲ್, ಸೂರತ್ತಿನಲ್ಲಿ ವಾರಕ್ಕೊಂದೇ ದಿನದ ಪಾಠ ಸಾಲದೆಂದು, ಕೊನೆಯ ಅವಕಾಶ ಹಿಡಿದುಕೊಂಡು ಅಹಮದಾಬಾದಿಗೆ ಬಂದಳು. ಮಣಿನಗರದಲ್ಲಿ ಸೋದರಮಾವನ ಮನೆಯಲ್ಲಿದ್ದು, ಬಸ್ಸಿನಲ್ಲಿ ನವರಂಗಪುರಕ್ಕೆ ಬರುತ್ತಿದ್ದಳು. ಉಳಿದವರಿಗಿಂತ ಎರಡು ವರ್ಷ ದೊಡ್ಡವಳು, ಕೊನೆಯ ಬೆಂಚಿನವಳು. ಕೋಚಿಂಗ್ ಲೋಕದಲ್ಲಿ ದಂತವೈದ್ಯಕೀಯವೆಂದರೆ ಎಂಬಿಬಿಎಸ್ ರೈಲು ತಪ್ಪಿದವರು ಹತ್ತುವ ಬಸ್ಸು. ಅದನ್ನೇ ಮೊದಲ ಆಯ್ಕೆ ಎಂದವಳನ್ನು ನಾನು ಅವಳೊಬ್ಬಳನ್ನೇ ಕಂಡದ್ದು. ಹುಡುಗರು ಅವಳನ್ನು "ದಾಂತವಾಲಿ" ಎಂದು ಕರೆಯುತ್ತಿದ್ದರು. ನಾನೂ ಒಳ್ಳೆಯ ಮಾತು ಹೇಳಲಿಲ್ಲ. "ಎಂಬಿಬಿಎಸ್‌ಗೆ ಗುರಿಯಿಡು, ಬೇಟಾ. ತಪ್ಪಿದರೆ ಹಲ್ಲು ಇದ್ದೇ ಇದೆ" ಎಂದಿದ್ದೆ.

ಅವಳ ತೊಂದರೆ ಬಯಾಲಜಿಯೇ. ಓದುತ್ತಿರಲಿಲ್ಲ ಎಂದಲ್ಲ. ಕಣ್ಣಾರೆ ಕಂಡದ್ದನ್ನು ಬಿಟ್ಟು ಪುಸ್ತಕದ ಸಾಲನ್ನು ನಂಬಲು ಅವಳಿಂದಾಗುತ್ತಿರಲಿಲ್ಲ. ವಯಸ್ಕ ಮನುಷ್ಯನ ಹಲ್ಲುಗಳೆಷ್ಟು ಎಂಬ ಪ್ರಶ್ನೆಗೆ ಒಂದು ಟೆಸ್ಟಿನಲ್ಲಿ ಇಪ್ಪತ್ತೆಂಟು ಎಂದು ಗುರುತು ಮಾಡಿದ್ದಳು. ಕ್ಲಾಸಿನಲ್ಲಿ ಎಬ್ಬಿಸಿ ಕೇಳಿದೆ.

"ಕ್ಲಿನಿಕ್ಕಿನಲ್ಲಿ ನಾನೇ ಎಣಿಸಿ ಬರೆದುಕೊಳ್ತಿದ್ದೆ, ಮೇಡಂ. ಬಹಳ ಜನರಿಗೆ ಬುದ್ಧಿಹಲ್ಲು ಬಂದೇ ಇರೋಲ್ಲ."

"ಪರೀಕ್ಷೆಯ ದಿನ ಎಲ್ಲರಿಗೂ ಬಂದಿರುತ್ತೆ. ಆ ಒಂದು ದಿನ ಇಡೀ ದೇಶಕ್ಕೆ ಮೂವತ್ತೆರಡು ಹಲ್ಲು. ಕೂತ್ಕೋ."

ಕ್ಲಾಸು ಗೊಳ್ಳೆಂದು ನಕ್ಕಿತು. ಹೇತಲ್ ಕೂಡ ನಕ್ಕಳು. ಆದರೆ ಪುಸ್ತಕದಲ್ಲಿ ತಿದ್ದಿಕೊಳ್ಳಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಈಗ ನಿಯಮದ ಮಾತು. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಬಯಾಲಜಿ ಟೆಸ್ಟು. ತೊಂಬತ್ತು ಪ್ರಶ್ನೆ, ಐವತ್ತು ನಿಮಿಷ. ಮೊದಮೊದಲು ಮಕ್ಕಳು ನೀರಿಗೆಂದು, ಮೂತ್ರಕ್ಕೆಂದು ಎದ್ದು ಹೋಗಿ ಮೆಟ್ಟಿಲ ಮೇಲೆ ಉತ್ತರ ಹಂಚಿಕೊಳ್ಳುತ್ತಿದ್ದರು. ಅದಕ್ಕೆ ನಾನೇ ಬೋರ್ಡಿನ ಮೇಲೆ ಬರೆದೆ: "ನಡುವೆ ಎದ್ದವರ ಪೇಪರ್ ವಾಪಸ್." ಎರಡು ಸಲ ಹಾಗೆಯೇ ಮಾಡಿದೆ ಕೂಡ. ಒಬ್ಬ ಹುಡುಗ ಅತ್ತ. ಆಮೇಲೆ ಯಾರೂ ಏಳಲಿಲ್ಲ. ಬರೆದದ್ದು ಮಾಸಿದಾಗಲೆಲ್ಲ ಹೊಸ ಚಾಕ್‌ಪೀಸಿನಿಂದ ತಿದ್ದಿ ದಪ್ಪ ಮಾಡುತ್ತಿದ್ದೆ. ಟೆಸ್ಟಿನಲ್ಲಿ ಏನನ್ನೂ ತಿನ್ನುವಂತಿರಲಿಲ್ಲ, ಒಂದರ ಹೊರತು. ಗುಜರಾತಿನ ಮನೆಗಳಲ್ಲಿ ಪರೀಕ್ಷೆಗೆ ಹೊರಟ ಮಗುವಿನ ಬಾಯಿ ಸಿಹಿ ಮಾಡಿ ಕಳಿಸುತ್ತಾರೆ. ಕೆಲವು ಅಜ್ಜಿಯರು ದೇವರ ಮುಂದಿನ ಕಲ್ಲುಸಕ್ಕರೆಯ ಹರಳನ್ನೇ ಕಟ್ಟಿಕೊಡುತ್ತಿದ್ದರು. ಪೇಪರ್ ಕೈಗೆ ಬಂದ ಮೇಲೆ ಬಾಯಿಗೆ ಹಾಕಿಕೋ, ಕಚ್ಚಬೇಡ, ಕರಗಲು ಬಿಡು ಎಂದು. ಪ್ರಸಾದಕ್ಕೆ ಬೇಡ ಎನ್ನಲು ನಾನು ಯಾರು?

ಆ ಭಾನುವಾರ ಅರವತ್ತು ಮಕ್ಕಳಿದ್ದರು. ಮೂರನೆಯ ಬೆಂಚಿನ ತುದಿಯಲ್ಲಿ ಧ್ರುವಿ. ಕ್ಲಾಸಿಗೇ ಮೊದಲನೆಯವಳು, ಒಂದು ಅಂಕ ಹೋದರೂ ಕಣ್ಣಲ್ಲಿ ನೀರು ತಂದುಕೊಳ್ಳುವವಳು. ಅವಳ ಅಜ್ಜಿಯ ಕಲ್ಲುಸಕ್ಕರೆ ನನಗೆ ಗೊತ್ತಿತ್ತು. ಅಂದಿನದು ಹರಳಲ್ಲ, ಹೆಬ್ಬೆರಳಿನ ತುದಿಯಷ್ಟು ದೊಡ್ಡ ಗಡ್ಡೆ. ಅದು ಆಮೇಲೆ ಕಂಡದ್ದು.

ನಾನು ಸಾಲುಗಳ ನಡುವೆ ನಡೆಯುತ್ತಿದ್ದೆ. ಧ್ರುವಿಯ ಪೆನ್ನು ನಿಂತಿತ್ತು. ಮುಖ ಕೆಂಪಾಗಿತ್ತು. ಕಣ್ಣು ತುಂಬಿತ್ತು. ಯಾವುದೋ ಪ್ರಶ್ನೆಗೆ ಸಿಕ್ಕಿಬಿದ್ದಿದ್ದಾಳೆ, ಅಳು ಬರುತ್ತಿದೆ ಎಂದುಕೊಂಡೆ. ಅವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಬೋರ್ಡನ್ನು ನೋಡಿದಳು. ಬೋರ್ಡನ್ನು ಯಾಕೆ ನೋಡಿದಳೆಂದು ಆಗ ತಿಳಿಯಲಿಲ್ಲ. ಆಮೇಲೆ ಬೆಂಚನ್ನು ಹಿಡಿದು ಅರ್ಧ ಎದ್ದಳು.

ನಾನು ಅವಳ ಭುಜದ ಮೇಲೆ ಬಲಗೈ ಇಟ್ಟು, ಒತ್ತಿ, ಕೂರಿಸಿದೆ. "ಕೂತ್ಕೋ, ಬೇಟಾ. ಇನ್ನೂ ಹದಿನೆಂಟು ನಿಮಿಷ ಇದೆ" ಎಂದೆ.

ಅವಳು ಕೂತಳು. ಅದೇ ನನ್ನನ್ನು ಇವತ್ತಿಗೂ ಬಿಡದ ಸಂಗತಿ. ಉಸಿರಿಲ್ಲದ ಹುಡುಗಿ, ನಾನು ಹೇಳಿದೆನೆಂದು ಕೂತಳು.

ಅವಳ ಎರಡೂ ಕೈ ಕುತ್ತಿಗೆಗೆ ಹೋದವು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಕೆಮ್ಮೂ ಇಲ್ಲ. ತುಟಿಯ ಬಣ್ಣ ಬದಲಾಗುತ್ತಿತ್ತು. ಆಗ ನನಗೆ ಗೊತ್ತಾಯಿತು. ಗೊತ್ತಾದ ಮೇಲೆ ನಾನು ಏನು ಮಾಡಿದೆ? ಎಪಿಗ್ಲಾಟಿಸ್ ಸಾಲನ್ನು ಸಾವಿರಾರು ಮಕ್ಕಳಿಂದ ಕೂಗಿ ಹೇಳಿಸಿದ್ದ ನಾನು, ಅವಳ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದೆ. ನೀರು ಕುಡಿಸಲು ಹೊರಟಿದ್ದೆ.

"ಮೇಡಂ, ನೀರು ಬೇಡ!"

ಕೊನೆಯ ಬೆಂಚಿನಿಂದ ಹೇತಲ್. ಅವಳು ನಡುವಿನ ದಾರಿಯಲ್ಲಿ ಬರಲಿಲ್ಲ. ಬೆಂಚುಗಳ ಮೇಲೆ ಕಾಲಿಟ್ಟು, ಪೇಪರುಗಳನ್ನು ತುಳಿದುಕೊಂಡೇ ಬಂದಳು. ಯಾರೋ "ಏ ದಾಂತವಾಲಿ!" ಎಂದು ಬೈದದ್ದೂ ಕೇಳಿಸಿತು. ಧ್ರುವಿಯನ್ನು ಎಬ್ಬಿಸಿ, ಮುಂದಕ್ಕೆ ಬಾಗಿಸಿ, ಒಂದು ಕೈಯಿಂದ ಎದೆಗೆ ಆಸರೆ ಕೊಟ್ಟು, ಬೆನ್ನಿನ ಎರಡು ಹೆಗಲಮೂಳೆಗಳ ನಡುವೆ ಅಂಗೈಯಿಂದ ಬಡಿದಳು. ಐದು ಸಲ. ಏನೂ ಆಗಲಿಲ್ಲ. ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಎಳೆದಳು. ಒಂದು. ಎರಡು. ಮೂರನೆಯದಕ್ಕೆ ಸಕ್ಕರೆಯ ಗಡ್ಡೆ ಹಾರಿ ಉತ್ತರಪತ್ರಿಕೆಯ ಮೇಲೆ ಬಿತ್ತು. ಆಮೇಲೆ ಕೆಮ್ಮು ಬಂತು. ಅಷ್ಟು ಚೆಂದದ ಸದ್ದನ್ನು ನಾನು ಬೇರೆ ಕೇಳಿಲ್ಲ.

ಹುಡುಗಿಯರು ಧ್ರುವಿಯ ಸುತ್ತ ಸೇರಿ ಅಳುತ್ತಿದ್ದರು. ನಾನು ಮುಚ್ಚಳವಿಲ್ಲದ ಬಾಟಲಿ ಹಿಡಿದು ನಿಂತೇ ಇದ್ದೆ. ಹೇತಲ್ ಅವಳ ಬೆನ್ನು ಸವರಿ, ಉಸಿರು ಸರಿಯಾದದ್ದನ್ನು ನೋಡಿಕೊಂಡು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮೇಡಂ, ನನ್ನ ಪೇಪರ್ ತಗೋತೀರಾ?"

ತಮಾಷೆಗಲ್ಲ, ನಿಜವಾಗಿ ಕೇಳಿದ್ದಳು. ಅವಳು ಎದ್ದಿದ್ದಳಲ್ಲ.

ಧ್ರುವಿಯನ್ನು ಹಸಮುಖಭಾಯಿ ತಮ್ಮ ಕಾರಿನಲ್ಲೇ ಡಾಕ್ಟರ ಹತ್ತಿರ ಕರೆದೊಯ್ದರು. ಏನೂ ತೊಂದರೆಯಿಲ್ಲವೆಂದು ಫೋನ್ ಬರುವವರೆಗೆ ಹೇತಲ್ ಮತ್ತು ನಾನು ಖಾಲಿ ಕ್ಲಾಸಿನಲ್ಲಿ ಕೂತಿದ್ದೆವು. ಎಲ್ಲಿ ಕಲಿತೆ ಎಂದು ಕೇಳಿದೆ. ಹಲ್ಲಿನ ಕ್ಲಿನಿಕ್ಕಿನಲ್ಲಿ ರೋಗಿ ಅಂಗಾತ ಮಲಗಿರುತ್ತಾನೆ. ಕಳಚಿದ ಕ್ಯಾಪು, ಹತ್ತಿಯುಂಡೆ ಗಂಟಲಿಗೆ ಜಾರುವ ಭಯ ದಿನವೂ ಇದ್ದದ್ದೇ. ಅಲ್ಲಿನ ಡಾಕ್ಟರ್ ಕೆಲಸಕ್ಕೆ ಸೇರಿದ ಮೊದಲ ದಿನವೇ ಇದನ್ನು ಕಲಿಸಿದ್ದರಂತೆ. "ಒಬ್ಬ ಅಂಕಲ್‌ಗೆ ಹೀಗೇ ಆಗಿತ್ತು, ಮೇಡಂ. ನಮ್ಮ ಸರ್ ಉಳಿಸಿದರು. ಅವತ್ತೇ ನಾನು ಇದೇ ಆಗಬೇಕು ಅಂದುಕೊಂಡೆ. ಆ ಗ್ಲಾಟಿಸ್ಸು ಕೂಡ ಅವತ್ತೇ ಅರ್ಥ ಆಗಿದ್ದು."

ಮನೆಗೆ ಬಂದ ಮೇಲೂ ನಾನು ಅಂಗೈ ಉಜ್ಜಿಕೊಳ್ಳುತ್ತಿದ್ದೆನಂತೆ. ನಮ್ಮವರು, "ಕೈಗೆ ಏನಾಗೇತಿ?" ಎಂದರು. ನಡೆದದ್ದನ್ನು ಹೇಳಿದೆ.

"ಹುಡುಗಿ ಉಳಿದಾಳಲ್ಲ. ಮತ್ತ ಯಾಕ ಹಿಂಗ ಕುಂತೀ?"

"ಆಕಿ ಏಳಾಕ ಹತ್ತಿದ್ಲು. ನಾ ಹಿಡದು ಕುಂಡ್ರಿಸಿದೆ."

ಅವರು ಎದ್ದು ಒಳಗೆ ಹೋದರು. ಚಹಾ ಮಾಡಿಕೊಂಡು ಬಂದರು. ಅವರು ಚಹಾ ಮಾಡಿದ್ದು ಅಪರೂಪ; ಸಕ್ಕರೆ ಹಾಕಿರಲಿಲ್ಲ. ಮರೆತರೋ ಬೇಕೆಂದೇ ಬಿಟ್ಟರೋ, ನಾನು ಕೇಳಲಿಲ್ಲ.

ಮರುದಿನ ಧ್ರುವಿಯ ಅಪ್ಪ, ಅಜ್ಜಿ ಪೇಡೆಯ ಡಬ್ಬಿ ಹಿಡಿದು ಬಂದರು. ಮೇಡಂ ನಮ್ಮ ಮಗುವನ್ನು ಉಳಿಸಿದರು ಎಂದು ಯಾರೋ ಹೇಳಿದ್ದರು. ಅಜ್ಜಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಹಸಮುಖಭಾಯಿ ಪಕ್ಕದಲ್ಲೇ ಇದ್ದರು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು, ಕ್ಲಾಸಿನ ಹೆಸರೂ ಉಳಿಯುತ್ತಿತ್ತು.

"ಅಜ್ಜಿ, ಉಳಿಸಿದ್ದು ನಾನಲ್ಲ, ಹೇತಲ್. ಧ್ರುವಿ ಏಳಲು ಹೋದಳು. ನಾನು ಈ ಕೈಯಿಂದಲೇ ಕೂರಿಸಿದೆ" ಎಂದೆ.

ಅಜ್ಜಿ ಕೈ ಬಿಡಲಿಲ್ಲ. "ಸಕ್ಕರೆ ಕೊಟ್ಟದ್ದು ನನ್ನ ಕೈ" ಎಂದರು. ಇಬ್ಬರೂ ಅತ್ತೆವು. ಆಮೇಲೆ ಪೇಡೆಯ ಡಬ್ಬಿ ಹೇತಲ್‌ಗೆ ಹೋಯಿತು. ಅವಳು ಒಂದನ್ನು ಎರಡು ತುಂಡು ಮಾಡಿ, "ಜಗಿದು ತಿನ್ನು" ಎಂದು ಅರ್ಧವನ್ನು ಧ್ರುವಿಗೆ ಕೊಟ್ಟಳು. ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ಯಾರೂ ಅವಳನ್ನು ದಾಂತವಾಲಿ ಎನ್ನಲಿಲ್ಲ. "ಡಾಕ್ಟರ್ ದೀದಿ" ಎನ್ನುತ್ತಿದ್ದರು.

ಹಸಮುಖಭಾಯಿ ನನ್ನ ಮೇಲೆ ರೇಗುತ್ತಾರೆ ಎಂದುಕೊಂಡಿದ್ದೆ. ಅವರು ಡಸ್ಟರ್ ತಂದು ನನ್ನ ಕೈಗಿಟ್ಟರು. "ನಿಯಮ ನಿಮ್ಮದು, ಬೆನ್. ನೀವೇ ಅಳಿಸಿ." ಅಳಿಸಿದೆ. ವರ್ಷಗಟ್ಟಲೆ ತಿದ್ದಿದ್ದರಿಂದ ಅಕ್ಷರದ ನೆರಳು ಮಾತ್ರ ಹೋಗಲಿಲ್ಲ. ಅದೇ ತಿಂಗಳು ಪ್ರಥಮ ಚಿಕಿತ್ಸೆ ಕಲಿಸುವವರನ್ನು ಕರೆಸಿದರು. ಎಲ್ಲರೂ ಒಬ್ಬರ ಬೆನ್ನ ಮೇಲೊಬ್ಬರು ಬಡಿದು ಕಲಿತೆವು. ಹಸಮುಖಭಾಯಿಯವರ ಬೆನ್ನು ನನ್ನ ಪಾಲಿಗೆ ಬಂತು. ಹಳೆಯ ಬಾಕಿಯೆಲ್ಲ ತೀರಿಸಿಕೊಂಡೆ.

ಮಕ್ಕಳು ಎದ್ದು ಹೋಗಿ ಮೆಟ್ಟಿಲ ಮೇಲೆ ಉತ್ತರ ಹಂಚಿಕೊಂಡರೇ? ಹೌದು, ಕೆಲವರು. ಹಂಚಿಕೊಳ್ಳಲಿ. ನಿಜವಾದ ಪರೀಕ್ಷೆಯಲ್ಲಿ ಮೆಟ್ಟಿಲು ಇರುವುದಿಲ್ಲ ಎಂಬುದು ಅವರಿಗೇ ತಿಳಿಯುತ್ತದೆ.

ಹೇತಲ್‌ಗೆ ನಾನು ಋಣಿಯಾಗಿದ್ದೆ. ಅವಳಿಗೆ ಉಳಿದದ್ದು ಮೂರೇ ತಿಂಗಳು, ಒಂದೇ ಪರೀಕ್ಷೆ. ದಿನಾ ಕ್ಲಾಸಿಗೆ ಒಂದು ಗಂಟೆ ಮೊದಲು ಅವಳನ್ನು ಕರೆಸಿಕೊಂಡೆ. ಸಾಲು ಹೇಳಿಸುವುದನ್ನು ಅವಳ ಮಟ್ಟಿಗೆ ತಿರುಗಾ ಮುರುಗಾ ಮಾಡಿದೆ. ಮೊದಲು ಅವಳು ಕ್ಲಿನಿಕ್ಕಿನಲ್ಲಿ ಕಂಡದ್ದನ್ನು ಹೇಳಬೇಕು: ರಕ್ತ ನಿಲ್ಲದ ರೋಗಿ, ಸಕ್ಕರೆ ಕಾಯಿಲೆಯವರ ಒಸಡು, ಸೂಜಿ ಕಂಡೊಡನೆ ಬೆವೆತು ಬಿದ್ದ ಪೈಲ್ವಾನ. ಆಮೇಲೆ ಅದರ ಸಾಲು ಪುಸ್ತಕದಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಸಾಲು ಸಿಕ್ಕಾಗ, "ಓಹ್, ಇವರಿಗೂ ಗೊತ್ತಾ!" ಎನ್ನುತ್ತಿದ್ದಳು. ಕ್ಲಿನಿಕ್ಕಿನಲ್ಲಿ ಕಾಣದ ಸಸ್ಯಶಾಸ್ತ್ರಕ್ಕೆ ಮಾತ್ರ ಉಪಾಯ ಸಿಗಲಿಲ್ಲ. ಅದನ್ನು ಇಬ್ಬರೂ ಹಳೆಯ ಪದ್ಧತಿಯಲ್ಲೇ ಕೂಗಿ ಕಲಿತೆವು.

ಸೀಟು ಸಿಕ್ಕಿತು. ಸರ್ಕಾರಿ ದಂತ ಕಾಲೇಜು. ಹೇಳಲು ಅವಳ ಅಪ್ಪ ಸೂರತ್ತಿನಿಂದ ಬಂದರು. ಆ ದಿನ ಉಗುರು ಹಸಿರಾಗಿತ್ತು. "ಬೀದಿಯವರೆಲ್ಲ, ಎಂಬಿಬಿಎಸ್ ಸಿಗಲಿಲ್ಲವಾ ಅಂತಾರೆ, ಬೆನ್. ಇವಳು, ನಾನು ಕೇಳಲೇ ಇಲ್ಲ ಅಂತಾಳೆ" ಎಂದು ನಕ್ಕರು.

ಹೋದ ವರ್ಷ ನಾನು ಕೆಲಸ ಬಿಟ್ಟೆ. ಬೀಳ್ಕೊಡುಗೆ, ಶಾಲು, ಎಲ್ಲ ಆಯಿತು. ಅದಾಗಿ ಕೆಲವು ದಿನಕ್ಕೆ ಹಲ್ಲು ನೋವು ಬಂತು. ಹೇತಲ್ ಕೊನೆಯ ವರ್ಷದ ತರಬೇತಿಯಲ್ಲಿದ್ದ ಕಾಲೇಜಿಗೇ ಹೋದೆ. ಮುಖಗವಸಿನ ಮೇಲೆ ಬರೀ ಕಣ್ಣು ಕಾಣುತ್ತಿದ್ದವು, ನಗುತ್ತಿದ್ದವು. ಬಾಯಿ ತೆರೆಸಿ, ಕನ್ನಡಿ ಹಾಕಿ, ಒಂದೊಂದೇ ಎಣಿಸಿದಳು.

"ಇಪ್ಪತ್ತೆಂಟು, ಮೇಡಂ. ಬುದ್ಧಿಹಲ್ಲು ಬಂದೇ ಇಲ್ಲ ನಿಮಗೆ."

ಬಾಯಲ್ಲಿ ಕನ್ನಡಿ ಇದ್ದುದರಿಂದ ನಾನು ಉತ್ತರ ಕೊಡುವ ಹಾಗಿರಲಿಲ್ಲ.

ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಹೇಳಿದಳು: "ಈಗ ಮಷಿನ್ ಹಾಕ್ತೀನಿ. ನೋವಾದರೆ, ಉಸಿರು ಕಟ್ಟಿದ ಹಾಗಾದರೆ, ಏನೂ ಆಗದೆ ಸುಮ್ಮನೆ ಭಯ ಆದರೂ ಸರಿ, ಎಡಗೈ ಎತ್ತಿ. ನಾನು ನಿಲ್ಲಿಸ್ತೀನಿ. ಯಾಕೆ ಅಂತ ಕೇಳೋಲ್ಲ."

ಮಷಿನ್ ಶುರುವಾಯಿತು. ನೋವೇನೂ ಇರಲಿಲ್ಲ. ಆದರೂ ನಾನು ಕೈ ಎತ್ತಿದೆ. ಎಡಗೈಯಲ್ಲ, ಬಲಗೈ; ಅಂದು ಧ್ರುವಿಯ ಭುಜದ ಮೇಲಿಟ್ಟದ್ದು. ಅದು ಕುರ್ಚಿಯ ಹಿಡಿಯಿಂದ ಒಂದು ಗೇಣು ಮೇಲೆದ್ದಿತೋ ಇಲ್ಲವೋ, ಸದ್ದು ನಿಂತಿತು. ಹೇತಲ್ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡಿದ್ದಳು.

"ಅದು ಬಲಗೈ, ಮೇಡಂ. ಇನ್ನೊಂಚೂರು ಎತ್ತಿದ್ದರೆ ನನ್ನ ಮೂಗಿಗೆ ಬೀಳ್ತಿತ್ತು" ಎಂದಳು.

ಯಾಕೆ ಎತ್ತಿದಿರಿ ಎಂದು ಕೇಳಲಿಲ್ಲ. ನಾನಾಗಿ ಕೈ ಇಳಿಸುವವರೆಗೆ ಕಾದಳು.